ಬಲಗಡೆಯ ಆಸನ

ರಾಜಾಜಿನಗರದ ಒಂದು ಮನೆಯಲ್ಲಿ ಹದಿನೈದು ದಿನಗಳ ಕಾಲ ಒಂದು ಕಾಗದ ಊಟದ ಮೇಜಿನಿಂದ ದೇವರ ಮನೆಗೂ, ದೇವರ ಮನೆಯಿಂದ ಯಜಮಾನರ ಬರೆಯುವ ಮೇಜಿಗೂ ಓಡಾಡುತ್ತಿತ್ತು. ಅದು ಬಂದದ್ದು ಮಿಂಚಂಚೆಯಲ್ಲಿ. ಆದರೆ ಯಜಮಾನರು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕಾಗದದ ಮೇಲೆ ಅಚ್ಚಾಗದ ಮಾತನ್ನು ಮಾತೆಂದು ಒಪ್ಪುವವರಲ್ಲ. ಮೂಲೆಯ ಅಂಗಡಿಗೆ ತಾವೇ ಹೋಗಿ ಅಚ್ಚು ಮಾಡಿಸಿ ತಂದಿದ್ದರು. ನಾಲ್ಕು ಮೂಲೆಗೂ ಅರಿಸಿನ ಹಚ್ಚಲೇ ಎಂದು ಹೆಂಡತಿ ಕೇಳಿದಾಗ, “ಇನ್ನೂ ಬೇಡ, ಮೊದಲು ಓದಿ ನೋಡೋಣ” ಎಂದಿದ್ದರು.

ಕಾಗದದ ಒಕ್ಕಣೆ ಇಷ್ಟು. ಇಪ್ಪತ್ತೇಳರ ಹರೆಯದ ಅವರ ಮಗ ಮೂರು ವರ್ಷಗಳಿಂದ ಒಂದು ವಿಮಾನ ಕಂಪೆನಿಯಲ್ಲಿ ಸಹಚಾಲಕ. ಅಂದರೆ ವಿಮಾನದ ಮೂತಿಯಲ್ಲಿರುವ ಆ ಪುಟ್ಟ ಕೋಣೆಯಲ್ಲಿ ಬಲಗಡೆಯ ಆಸನದವನು. ಗಾತ್ರದಲ್ಲಿ ಚಿಕ್ಕದಾದ ಇನ್ನೊಂದು ಕಂಪೆನಿ ಅವನನ್ನು ಕರೆದಿತ್ತು. ಸಂಬಳ ಈಗಿನದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ನೆಲೆ ಬೆಂಗಳೂರಿನ ಬದಲು ಮುಂಬಯಿ. ಎಲ್ಲವೂ ಸರಿಯಾಗಿ ನಡೆದರೆ ಎರಡು ವರ್ಷಗಳಲ್ಲಿ ಕ್ಯಾಪ್ಟನ್ ಪದವಿಗೆ ಪರಿಗಣಿಸಲಾಗುವುದು. ಉತ್ತರಕ್ಕೆ ಮೂರು ವಾರಗಳ ಗಡುವು.

ಮನೆಯಲ್ಲಿ ಒಬ್ಬೊಬ್ಬರಿಗೆ ಆ ಕಾಗದದಲ್ಲಿ ಒಂದೊಂದು ಸಾಲು ಮಾತ್ರ ಕಂಡಿತು. ತಾಯಿಗೆ ಮುಂಬಯಿ, ತಂಗಿಗೆ ಸಂಬಳ, ಅಜ್ಜಿಗೆ, ಯಾವ ಕಂಪೆನಿಯಾದರೂ ಹಾರುವುದು ಅದೇ ಆಕಾಶದಲ್ಲಲ್ಲವೇ ಎಂಬ ಸಮಾಧಾನ. ಎದುರುಮನೆಯ ಹುಡುಗನ ಉದಾಹರಣೆಯೂ ಬಾರದೆ ಇರಲಿಲ್ಲ. ಅವನು ಸಾಫ್ಟ್‌ವೇರ್ ಎಂಜಿನಿಯರ್. ನಾಲ್ಕು ವರ್ಷಗಳಲ್ಲಿ ಮೂರು ಕಂಪೆನಿ ಬದಲಾಯಿಸಿದವನು. ಬದಲಾಯಿಸಿದಾಗಲೆಲ್ಲ ಮನೆಯ ಮುಂದೆ ನಿಲ್ಲುವ ಕಾರು ಒಂದು ಮೊಳ ಉದ್ದವಾಗಿತ್ತು. “ಅವನಿಗೆ ಬಂದ ಬುದ್ಧಿ ನಮ್ಮವನಿಗೆ ಬರಬಾರದೇ?” ಎಂದು ತಂಗಿ ಕೇಳಿದಳು. ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಕೆಲಸ ಬಿಡುವುದು ಈಗ ಅಪರಾಧವಲ್ಲ, ಜಾಣತನ. ಅಪ್ಪಂದಿರ ಕಾಲದ ‘ಸೇರಿದ ಕಡೆಯೇ ಪಿಂಚಣಿ’ ಎಂಬ ವ್ರತ ಎಂದೋ ಮುರಿದಿದೆ.

ಆದರೆ ಪೈಲಟನ ಕಸುಬು ಎದುರುಮನೆಯ ಕಸುಬಿನಂತಲ್ಲ. ಎಂಜಿನಿಯರ್ ಒಂದು ಕಂಪೆನಿಯಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಮಾರುತ್ತಾನೆ. ಒಂದು ಮೆಟ್ಟಿಲು ಮೇಲೆಯೇ ಹೋಗಿ ಕೂರುತ್ತಾನೆ. ಪೈಲಟನ ಸಂಪಾದನೆಯಲ್ಲಿ ಎರಡು ಭಾಗ. ಒಂದು, ಅವನ ಲಾಗ್ ಪುಸ್ತಕದಲ್ಲಿ ಏರುತ್ತಾ ಹೋಗುವ ಹಾರಾಟದ ಗಂಟೆಗಳು. ಅವು ಅವನ ಸ್ವಂತ ಆಸ್ತಿ. ಎಲ್ಲಿ ಹೋದರೂ ಜೊತೆಗೆ ಬರುತ್ತವೆ. ಇನ್ನೊಂದು, ಕಂಪೆನಿಯ ಜ್ಯೇಷ್ಠತಾ ಪಟ್ಟಿಯಲ್ಲಿ ಅವನಿಗಿರುವ ಸ್ಥಾನ. ಅದು ಕಂಪೆನಿಯ ಗೋಡೆಗೆ ಅಂಟಿದ್ದು. ಸಾಮಾನ್ಯವಾಗಿ ಯಾರು ಮೊದಲು ಕ್ಯಾಪ್ಟನ್ ಆಗಬೇಕು, ಯಾರಿಗೆ ಯಾವ ಊರು ನೆಲೆ, ಯಾರಿಗೆ ದೊಡ್ಡ ವಿಮಾನದ ತರಬೇತಿ ಎಂಬುವೆಲ್ಲ ಆ ಪಟ್ಟಿಯನ್ನು ನೋಡಿ ನಿರ್ಧಾರವಾಗುತ್ತವೆ. ಕಂಪೆನಿ ಬಿಟ್ಟವನು ಪಟ್ಟಿಯನ್ನು ಬಿಟ್ಟೇ ಹೋಗಬೇಕು. ಹೋದ ಕಡೆ ಬಾಲದಲ್ಲಿ ನಿಲ್ಲಬೇಕು.

ಈ ಪಟ್ಟಿಯ ಬೆಲೆ ಎಷ್ಟೆಂಬುದನ್ನು ದೇಶ 2012ರಲ್ಲಿ ಕಂಡಿತು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದ ಮೇಲೆ, ಹೊಸದಾಗಿ ಬರಲಿದ್ದ ಬೋಯಿಂಗ್ 787ರ ತರಬೇತಿ ಯಾವ ಕಡೆಯ ಪೈಲಟರಿಗೆ ಸಲ್ಲಬೇಕೆಂಬ ಜಗಳ ಬೆಳೆದು, ಏರ್ ಇಂಡಿಯಾ ಕಡೆಯವರು 58 ದಿನ ಮುಷ್ಕರ ಹೂಡಿದರು. ಸಂಬಳದ ದೂರುಗಳೂ ಇದ್ದವು. ಆದರೆ ಬೆಂಕಿ ಹೊತ್ತಿದ್ದು ಸರದಿಯ ವಿಷಯದಲ್ಲಿ.

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದಾಗ ಎಂಟು ಕಂಪೆನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಹೊರದೇಶಗಳ ಹಾರಾಟ ಏರ್ ಇಂಡಿಯಾದ ಪಾಲಿಗೆ ಹೋಯಿತು. ಮುಂದೆ ಬಹುಕಾಲ ತರುಣ ಪೈಲಟನಿಗೆ ಬಿಡಲು ಒಂದು ಕಂಪೆನಿಯಿತ್ತೇ ಹೊರತು ಸೇರಲು ಇನ್ನೊಂದು ಇರಲಿಲ್ಲ. 1994ರಲ್ಲಿ ಆ ಕಾಯಿದೆ ರದ್ದಾಗಿ ಬಾಗಿಲು ಪೂರ್ತಿ ತೆರೆಯಿತು. ತೆರೆದ ಬಾಗಿಲಿನಿಂದ ಕಂಪೆನಿಗಳು ಬಂದವು. ಅದೇ ಬಾಗಿಲಿನಿಂದ ಹೋದವು ಕೂಡ. ಬೆಂಗಳೂರಿನವರ ಕಣ್ಣೆದುರಿಗೇ 2005ರಲ್ಲಿ ವೈಭವದಿಂದ ಹಾರಿದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು. ಕಾಲು ಶತಮಾನ ಕಂಡಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಕೊನೆಯ ಬಾರಿ ಹಾರಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ, ಎಂಜಿನುಗಳಿಲ್ಲದೆ ತನ್ನ ಅರ್ಧದಷ್ಟು ವಿಮಾನಗಳು ನಿಂತಿವೆಯೆಂದು ಹೇಳಿ ದಿವಾಳಿ ಅರ್ಜಿ ಹಾಕಿತು. ಜ್ಯೇಷ್ಠತಾ ಪಟ್ಟಿಯಲ್ಲಿ ಮೊದಲನೆಯವನಿಗೂ ಕೊನೆಯವನಿಗೂ ಆ ದಿನ ಒಂದೇ ಸ್ಥಾನ.

ಇದನ್ನು ಬಲ್ಲವರೊಬ್ಬರು ಆ ಮನೆಯ ನಂಟಿನಲ್ಲೇ ಇದ್ದರು. ಹುಡುಗನ ಸೋದರಮಾವ ವಿಮಾನ ದುರಸ್ತಿಯ ಎಂಜಿನಿಯರ್. ಹೀಗೆಯೇ ಮುಚ್ಚಿಹೋದ ಒಂದು ಕಂಪೆನಿಯಲ್ಲಿ ಏಳು ತಿಂಗಳು ಸಂಬಳವಿಲ್ಲದೆ ದುಡಿದವರು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದು, ಕೊನೆಗೆ ಹೆಂಡತಿಯ ಬಳೆಗಳನ್ನು ಗಿರವಿಯಿಟ್ಟು ಮಗಳ ಶಾಲೆಯ ಶುಲ್ಕ ಕಟ್ಟಿದವರು. ಭಾನುವಾರ ಮಧ್ಯಾಹ್ನ ಅವರು ಬಂದಾಗ ಕಾಗದ ಅವರ ಕೈಗೆ ಹೋಯಿತು. ಕನ್ನಡಕ ಏರಿಸಿ ಎರಡು ಸಲ ಓದಿದರು.

“ಭಾವ, ಇದರಲ್ಲಿ ಸಂಬಳ ಬರೆದಿದ್ದಾರೆ. ವಿಮಾನ ಎಷ್ಟಿವೆ ಅಂತ ಬರೆದಿಲ್ಲ.”

“ನೂರಾರು ವಿಮಾನಕ್ಕೆ ಬೇಡಿಕೆ ಕೊಟ್ಟಿದ್ದಾರಂತೆ, ಪತ್ರಿಕೆಯಲ್ಲಿ ಬಂದಿತ್ತು.”

“ಬೇಡಿಕೆ ಕೊಟ್ಟದ್ದು ಹಾರೋದಿಲ್ಲ ಭಾವ.”

ಮಾತು ಒರಟಾಗಿತ್ತು; ಅದರಲ್ಲಿದ್ದ ಅನುಭವ ಒರಟಲ್ಲ. ಚಿಕ್ಕ ಕಂಪೆನಿಯ ಸರದಿ ಚಿಕ್ಕದು. ಬೇಗ ಎಡಗಡೆಯ ಆಸನಕ್ಕೆ ಹೋಗಬಹುದೆಂಬ ಆಸೆ ನಿಜವಾದದ್ದೇ. ಆದರೆ ಸರದಿ ಮುಂದೆ ಸರಿಯುವುದು ಹೊಸ ವಿಮಾನ ಬಂದಾಗ. ವಿಮಾನ ಬಾರದಿದ್ದರೆ ಚಿಕ್ಕ ಸರದಿಯೂ ನಿಂತಲ್ಲೇ ನಿಲ್ಲುತ್ತದೆ. 2024ರ ಜನವರಿ 5ರಂದು ಅಮೆರಿಕದಲ್ಲಿ ಅಲಾಸ್ಕಾ ಏರ್‌ಲೈನ್ಸಿನ ಒಂದು ಬೋಯಿಂಗ್ 737 ಮ್ಯಾಕ್ಸ್ ವಿಮಾನದಿಂದ, ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಆಕಾಶದಲ್ಲೇ ಕಿತ್ತುಹೋಯಿತು. ಅಲ್ಲಿನ ಅಧಿಕಾರಿಗಳು ಆ ಮಾದರಿಯ ತಯಾರಿಕೆಯನ್ನು ತಿಂಗಳಿಗೆ 38ಕ್ಕೆ ಮಿತಿಗೊಳಿಸಿದರು. ಅದೇ ವರ್ಷ ಕಾರ್ಖಾನೆಯ ಕಾರ್ಮಿಕರ ಮುಷ್ಕರ ಐವತ್ತಕ್ಕೂ ಹೆಚ್ಚು ದಿನ ನಡೆಯಿತು. ಅದರ ಬಿಸಿ ಇಲ್ಲಿಗೂ ತಟ್ಟಿತು. ಆ ವಿಮಾನಗಳನ್ನೇ ನಂಬಿದ್ದ ಆಕಾಸಾ ಏರ್ ಮುಂಚಿತವಾಗಿ ನೇಮಿಸಿಕೊಂಡಿದ್ದ ಪೈಲಟರಲ್ಲಿ ಅನೇಕರು ಹಾರಲು ಕಾಯಬೇಕಾಯಿತು. ಸಿಯಾಟಲ್ಲಿನಲ್ಲಿ ಮೊಳೆ ಸಡಿಲವಾದರೆ ಬೆಂಗಳೂರಿನ ಹುಡುಗನ ಬಡ್ತಿ ತಡವಾಗುವ ಕಾಲ ಇದು.

ಹಾರದ ಪೈಲಟನೆಂದರೆ ಬರಿಯ ಬೇಸರದ ವಿಷಯವಲ್ಲ. ಕಳೆದ 90 ದಿನಗಳಲ್ಲಿ ಮೂರು ಬಾರಿಯಾದರೂ ವಿಮಾನವನ್ನು ಏರಿಸಿ ಇಳಿಸದವನು ಮತ್ತೆ ಪರೀಕ್ಷೆಗೊಳಗಾಗದೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಸಂಬಳವೂ ಬಹುಮಟ್ಟಿಗೆ ಗಂಟೆಗಳನ್ನೇ ಅವಲಂಬಿಸಿದೆ. ತಿಂಗಳಿಗೆ ಇಂತಿಷ್ಟು ಗಂಟೆಯ ಹಣ ಹಾರಲಿ ಬಿಡಲಿ ಖಚಿತ. ಅದಕ್ಕೆ ಮೇಲ್ಪಟ್ಟದ್ದು ಹಾರಿದರೆ ಉಂಟು. ಆ ‘ಇಂತಿಷ್ಟು’ ಎಂಬುದೇ ಮುಖ್ಯ. 2023ರಲ್ಲಿ ಏರ್ ಇಂಡಿಯಾದ ಹೊಸ ವೇತನಕ್ರಮದಲ್ಲಿ ಅದು 40 ಗಂಟೆಯಾಗಿದ್ದಾಗ, ಹಿಂದಿನ 70 ಗಂಟೆಯೇ ಬೇಕೆಂದು ಪೈಲಟರ ಸಂಘಗಳು ತಕರಾರೆತ್ತಿದ್ದವು. ಈ ಮನೆಗೆ ಬಂದ ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿದ್ದ ಸಂಬಳ, ತಿಂಗಳಿಗೆ 75 ಗಂಟೆ ಹಾರಿದರೆ ಬರತಕ್ಕದ್ದು. ಖಚಿತವಾದ ಗಂಟೆ ಎಷ್ಟೆಂಬುದು ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, 40 ಎಂದಿತ್ತು. ಯಜಮಾನರು ಅದರ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು.

ಅನಂತರ ಅವರು ಲೆಕ್ಕಕ್ಕೆ ಕುಳಿತರು. ಮಗನ ತರಬೇತಿಗಾಗಿ ಈ ಮನೆಯನ್ನೇ ಒತ್ತೆಯಿಟ್ಟು ತೆಗೆದ ಸಾಲ 45 ಲಕ್ಷ; ತಿಂಗಳ ಕಂತು 60 ಸಾವಿರಕ್ಕೆ ಮೇಲೆ; ಇನ್ನೂ ಏಳು ವರ್ಷ ಬಾಕಿ. ಈಗಿನ ಕಂಪೆನಿಯೊಡನೆ ಬರೆದುಕೊಟ್ಟ ಬಾಂಡಿನ ಅವಧಿಯಲ್ಲಿ ಹದಿನಾಲ್ಕು ತಿಂಗಳು ಉಳಿದಿದ್ದವು. ಅದಕ್ಕೆ ಮುಂಚೆ ಎಂದು ಬಿಟ್ಟರೂ 14 ಲಕ್ಷ ತೆರಬೇಕು. ಹೊಸ ಕಂಪೆನಿ ಆ ಹಣ ತಾನು ತುಂಬುವ ಮಾತೆತ್ತಿರಲಿಲ್ಲ. ಹೆಚ್ಚುವ ಸಂಬಳ ಪೂರ್ತಿ ಬಂದರೂ 70 ಸಾವಿರ. ತೆರಿಗೆ ಕಳೆದು ಸುಮಾರು 49 ಸಾವಿರ. ಮುಂಬಯಿಯಲ್ಲಿ ಬಾಡಿಗೆಗೆ 35 ಸಾವಿರ. ಉಳಿಯುವುದು 14 ಸಾವಿರ. ತಿಂಗಳಿಗೆ ಹದಿನಾಲ್ಕು ಸಾವಿರದಂತೆ ಹದಿನಾಲ್ಕು ಲಕ್ಷ ತೀರಬೇಕಾದರೆ ನೂರು ತಿಂಗಳು. ಯಜಮಾನರು ಮೊತ್ತವನ್ನು ಎರಡು ಸಲ ಕೂಡಿ ನೋಡಿದರು. ಬ್ಯಾಂಕಿನವರ ಕೈ, ಎರಡನೆಯ ಸಲವೂ ನೂರೇ ಬಂತು.

ಇನ್ನೊಂದು ತೊಡಕೂ ಇತ್ತು. ಹುಡುಗ ಈಗ ಹಾರಿಸುವುದು ಏರ್‌ಬಸ್ 320. ಕರೆದವರದು ಬೋಯಿಂಗ್ 737. ಒಂದರಲ್ಲಿ ಕೈಯ ಪಕ್ಕದಲ್ಲಿ ಪುಟ್ಟ ಹಿಡಿ, ಇನ್ನೊಂದರಲ್ಲಿ ಎದೆಯ ಎದುರಿಗೆ ಚಕ್ರದಂಥ ಹಿಡಿ. ಬಸ್ಸು ಓಡಿಸುವವನು ಲಾರಿ ಓಡಿಸಿದಂತೆ ಒಂದರಿಂದ ಇಳಿದು ಇನ್ನೊಂದನ್ನು ಏರುವಂತಿಲ್ಲ. ಆ ಮಾದರಿಗೆಂದೇ ಬೇರೆ ತರಬೇತಿ, ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಅಭ್ಯಾಸ, ಪರೀಕ್ಷೆ, ಆಮೇಲೆ ಹಿರಿಯ ಕ್ಯಾಪ್ಟನ್ನರ ಕಣ್ಣಡಿಯಲ್ಲಿ ಹಾರಾಟ. ಕೆಲವು ತಿಂಗಳು ಲಾಗ್ ಪುಸ್ತಕದಲ್ಲಿ ಗಂಟೆಗಳು ಏರುವುದಿಲ್ಲ. ಆ ತರಬೇತಿಯ ಖರ್ಚಿಗೆ ಇನ್ನೊಂದು ಬಾಂಡು.

ಇಷ್ಟು ಹೊತ್ತೂ ಹುಡುಗ ಮಾತಾಡಿರಲಿಲ್ಲ. ಹಿಂದಿನ ರಾತ್ರಿ ಗುವಾಹಾಟಿಯಿಂದ ಬಂದಿದ್ದ, ಕಣ್ಣು ಕೆಂಪಾಗಿದ್ದವು. ತಂದೆ ನೂರರ ಲೆಕ್ಕವನ್ನು ಮುಂದಿಟ್ಟಾಗ ಅವನು ಕಾಗದ ನೋಡದೆಯೇ ಹೇಳಿದ:

“ಅಪ್ಪ, ಹಣದ ಲೆಕ್ಕ ನೀವು ಹೇಳಿದ ಹಾಗೇ ಇರಬಹುದು. ನನ್ನ ಜೊತೆ ತರಬೇತಿ ಶಾಲೆಯಲ್ಲಿದ್ದವನು ಕಳೆದ ತಿಂಗಳು ಕ್ಯಾಪ್ಟನ್ ಆದ. ನನಗಿಂತ ಆರು ತಿಂಗಳು ಚಿಕ್ಕವನು. ಎಡಗಡೆ ಕೂತಿದ್ದಾನೆ. ನಾನು ಇನ್ನು ನಾಲ್ಕೈದು ವರ್ಷ ಬಲಗಡೆ ಕೂತು ಬೇರೆಯವರ ಸಹಿ ನೋಡುತ್ತಾ ಇರಬೇಕು.”

ಆ ಮಾತಿಗೆ ಕೆಂಪು ಪೆನ್ಸಿಲಿನಲ್ಲಿ ಉತ್ತರವಿರಲಿಲ್ಲ. ಭುಜದ ಮೇಲಿನ ನಾಲ್ಕನೆಯ ಪಟ್ಟಿ ಬಟ್ಟೆಯ ತುಂಡೇನೋ ಹೌದು. ಆದರೆ ವಿಮಾನ ಹೊರಡಬೇಕೇ ನಿಲ್ಲಬೇಕೇ ಎಂಬ ಕೊನೆಯ ಮಾತು ಅದನ್ನು ಧರಿಸಿದವನದು. ಇಪ್ಪತ್ತೇಳರ ಹುಡುಗ ಅದನ್ನು ಬಯಸದಿದ್ದರೆ ಅವನು ಈ ಕಸುಬಿಗೆ ಹೋಗಲೇಬಾರದಿತ್ತು. ಯಜಮಾನರಿಗೂ ತಮ್ಮದೊಂದು ನೆನಪು ಕದಲಿತು. ಮಕ್ಕಳು ಚಿಕ್ಕವರೆಂಬ ಕಾರಣಕ್ಕೆ ಅವರು ಒಮ್ಮೆ ಕಲಬುರಗಿಗೆ ಬಡ್ತಿಯ ವರ್ಗವನ್ನು ಬೇಡವೆಂದು ಬರೆದುಕೊಟ್ಟಿದ್ದರು. ಹೋದವನು ಪ್ರಾದೇಶಿಕ ವ್ಯವಸ್ಥಾಪಕನಾಗಿ ನಿವೃತ್ತನಾದ. ಅದನ್ನು ಅವರು ಯಾರೊಡನೆಯೂ ಆಡಿದವರಲ್ಲ, ಹೆಂಡತಿಗೆ ಗೊತ್ತಿತ್ತು. ಆಕೆ ಕಾಫಿಯ ನೆಪದಲ್ಲಿ ಒಳಗೆ ಎದ್ದುಹೋದರು.

ಮಾತಿನ ದಾರಿ ತಿರುಗಿದ್ದು ಸೋದರಮಾವನ ಒಂದು ಪ್ರಶ್ನೆಯಿಂದ.

“ಎಡಗಡೆ ಕೂರೋದಕ್ಕೆ ಬೇಕಾದ ಲೈಸೆನ್ಸು ಬಂದಿದೆಯೇನೋ?”

ಹುಡುಗ ತಲೆ ತಗ್ಗಿಸಿದ. ವಿಷಯ ಇದು: 200 ಗಂಟೆಯ ಹಾರಾಟದಿಂದ ದೊರೆಯುವ ವಾಣಿಜ್ಯ ಲೈಸೆನ್ಸಿನಿಂದ ಸಹಚಾಲಕನಾಗಬಹುದು. ಇಂಥ ವಿಮಾನದ ಕ್ಯಾಪ್ಟನ್ ಆಗಲು ಬೇಕಾದದ್ದು ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್. ಅದಕ್ಕೆ 1500 ಗಂಟೆಗಳ ಹಾರಾಟ ಮಾತ್ರವಲ್ಲ, ಮಾರ್ಗನಿರ್ಣಯ, ಹವಾಮಾನಶಾಸ್ತ್ರ ಮೊದಲಾದ ವಿಷಯಗಳ ಪರೀಕ್ಷೆಗಳೂ ಉಂಟು. ಹುಡುಗನ ಪುಸ್ತಕದಲ್ಲಿ ಎರಡು ಸಾವಿರಕ್ಕೆ ಮೇಲೆ ಗಂಟೆಗಳಿದ್ದವು. ಪರೀಕ್ಷೆಯನ್ನು ಮಾತ್ರ ಈ ರೋಸ್ಟರ್ ಮುಗಿಯಲಿ, ಆ ಹಬ್ಬ ಕಳೆಯಲಿ ಎಂದು ಎರಡು ವರ್ಷದಿಂದ ಮುಂದೂಡಿದ್ದ.

“ಹಾಗಿದ್ದರೆ ನಿನ್ನ ಗೆಳೆಯ ಮುಂದೆ ಹೋದದ್ದು ಕಂಪೆನಿ ಬದಲಾಯಿಸಿದ್ದಕ್ಕಲ್ಲ. ಓದಿದ್ದಕ್ಕೆ” ಎಂದರು ಸೋದರಮಾವ. ಇದು ಅರ್ಧ ನಿಜ. ಸರದಿಯ ಅದೃಷ್ಟವೂ ಇದ್ದೀತು. ಆದರೆ ಹೇಳಬೇಕಾದ ಹೊತ್ತಿಗೆ ಹೇಳಿದ ಅರ್ಧ ನಿಜ.

ನೋಟೀಸಿನ ಅವಧಿ ಎಷ್ಟೆಂದು ಯಜಮಾನರು ಕೇಳಿದ್ದು ಆಗಲೇ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಿದ ನಿಯಮದಂತೆ ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ, ಸಹಚಾಲಕ ಆರು ತಿಂಗಳು ಮುಂಚಿತವಾಗಿ ತಿಳಿಸಬೇಕು. ಪೈಲಟರು ಏಕಾಏಕಿ ಬಿಟ್ಟರೆ ವಿಮಾನಗಳು ರದ್ದಾಗಿ ಜನ ತೊಂದರೆಗೀಡಾಗುತ್ತಾರೆಂಬುದು ಅದಕ್ಕೆ ಕೊಟ್ಟ ಕಾರಣ. ಪೈಲಟರ ಸಂಘಗಳು ಇದು ದುಡಿಮೆಗಾರನ ಕೈ ಕಟ್ಟುವ ನಿಯಮವೆಂದು ಹಳಿದಿವೆ, ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ನೋಟೀಸು ಕೊಡದೆ ಬಿಟ್ಟವರ ಕಥೆ ಸುಖವಾದದ್ದಲ್ಲ. 2023ರಲ್ಲಿ ಆಕಾಸಾ ಏರಿನ 43 ಪೈಲಟರು ಹಾಗೆ ಬಿಟ್ಟಾಗ ವಿಮಾನಗಳು ರದ್ದಾಗಿ, ವಿಷಯ ಬೊಂಬಾಯಿಯ ಹೈಕೋರ್ಟಿನ ಮೆಟ್ಟಿಲೇರಿತು. ಗಗನದಲ್ಲಿ ದಾರಿ ಬೇಕಾದಷ್ಟಿದ್ದರೂ ಈ ಕಸುಬಿನವರ ಲೋಕ ಚಿಕ್ಕದು. ಇಂದು ಬಿಟ್ಟುಬಂದ ಬಾಗಿಲನ್ನೇ ಹತ್ತು ವರ್ಷದ ಮೇಲೆ ತಟ್ಟಬೇಕಾಗಿ ಬಂದೀತು.

ಆರು ತಿಂಗಳೆಂಬ ಮಾತು ಕೇಳಿದ ಕೂಡಲೇ ಯಜಮಾನರ ಪೆನ್ಸಿಲು ಮತ್ತೆ ಓಡಿತು. ಇವತ್ತೇ ನೋಟೀಸು ಕೊಟ್ಟರೂ ಬಿಡುವುದು ಆರು ತಿಂಗಳ ಮೇಲೆ. ಬಾಂಡು ಮುಗಿಯುವುದು ಹದಿನಾಲ್ಕು ತಿಂಗಳಿಗೆ. ಇನ್ನು ಎಂಟು ತಿಂಗಳು ಸುಮ್ಮನಿದ್ದು ಆಗ ನೋಟೀಸು ಕೊಟ್ಟರೆ ಬಾಂಡೂ ನೋಟೀಸೂ ಒಂದೇ ದಿನ ಮುಗಿಯುತ್ತವೆ. ಹಾಗಾದರೆ ಮನೆಯವರೆಲ್ಲ ತಲೆಕೆಡಿಸಿಕೊಂಡಿದ್ದು ಜೀವಮಾನದ ಪ್ರಶ್ನೆಗಲ್ಲ. ಎಂಟು ತಿಂಗಳ ಪ್ರಶ್ನೆಗೆ. ಆ ಎಂಟು ತಿಂಗಳ ಬೆಲೆ 14 ಲಕ್ಷ. ಪರೀಕ್ಷೆಗೆ ಓದಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಕಾಲ.

ಈ ಲೆಕ್ಕ ಎಲ್ಲರಿಗೂ ಒಪ್ಪುವಂಥದ್ದಲ್ಲವೆಂಬುದನ್ನೂ ಹೇಳಬೇಕು. ಸಾಲವಿಲ್ಲದವನು, ಬಾಂಡು ಮುಗಿದವನು, ಅದೇ ಮಾದರಿಯ ವಿಮಾನಕ್ಕೆ ಕರೆಬಂದವನು, ಪರೀಕ್ಷೆಗಳನ್ನು ತೇರ್ಗಡೆ ಮಾಡಿಕೊಂಡು ಸರದಿಯ ಬಾಲದಲ್ಲಿ ಕೊಳೆಯುತ್ತಿರುವವನು ಹೋಗುವುದೇ ಸರಿ, ತಡಮಾಡುವುದೇ ತಪ್ಪು. ಪೈಲಟನ ದುಡಿಮೆ 65ನೆಯ ವಯಸ್ಸಿನವರೆಗೆ ಇರಬಹುದಾದರೂ ಅದು ಪ್ರತಿ ವೈದ್ಯಪರೀಕ್ಷೆಯ ಕೃಪೆಯಲ್ಲಿ ನಿಂತದ್ದು. ದೊಡ್ಡ ಕಂಪೆನಿಯೆಂದರೆ ಎಲ್ಲವೂ ಸುಭದ್ರವೆಂದೂ ಅಲ್ಲ. ಪೈಲಟರ ದಣಿವನ್ನು ತಡೆಯಲು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು ಕಡಿಮೆ ಮಾಡಿದ ನಿಯಮಗಳು 2025ರಲ್ಲಿ ಪೂರ್ತಿ ಜಾರಿಯಾದಾಗ, ಸಾಕಷ್ಟು ಸಿದ್ಧತೆಯಿಲ್ಲದೆ ಸಿಕ್ಕಿಬಿದ್ದು ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಮಾಡಿದ್ದು ದೇಶದ ಅತಿ ದೊಡ್ಡ ಕಂಪೆನಿಯಾದ ಇಂಡಿಗೋ.

ವಿಶ್ರಾಂತಿಯ ಮಾತು ಬಂದಾಗ ಮಾತ್ರ ತಾಯಿ ನಡುವೆ ಬಾಯಿ ಹಾಕಿದರು. ಇವನು ಮುಂಬಯಿಯಲ್ಲಿದ್ದರೆ ರಜದ ಎರಡು ದಿನವೂ ಬೆಂಗಳೂರಿಗೆ ಬಂದುಹೋಗುವುದರಲ್ಲೇ ಕಳೆಯುತ್ತದೆ, ಮಲಗುವುದು ಯಾವಾಗ? ಹಿಂದೆ ನೂರೆಂಬತ್ತು ಜನ ಕೂತಿರುತ್ತಾರೆ ಎಂದರು. ಆ ಹದಿನೈದು ದಿನಗಳಲ್ಲಿ ಪ್ರಯಾಣಿಕರ ನೆನಪು ಮಾಡಿದವರು ಆಕೆಯೊಬ್ಬರೇ.

ಗಡುವಿಗೆ ಮುಂಚೆ ಹುಡುಗ ಆ ಕಂಪೆನಿಗೆ ನಾಲ್ಕು ಪ್ರಶ್ನೆ ಬರೆದು ಕೇಳಿದ: ಈಗ ಹಾರುತ್ತಿರುವ ವಿಮಾನಗಳೆಷ್ಟು, ಅವುಗಳಿಗೆ ಪೈಲಟರೆಷ್ಟು; ಬೆಂಗಳೂರು ನೆಲೆ ಎಂದಿಗೆ; ಹೊಸ ಬಾಂಡು ಎಷ್ಟು ವರ್ಷ; ಎರಡು ವರ್ಷದಲ್ಲಿ ಕ್ಯಾಪ್ಟನ್ ಪದವಿಯೆಂಬುದನ್ನು ಕರಾರಿನಲ್ಲಿ ಬರೆದುಕೊಡುವರೇ. ಮೊದಲ ಮೂರಕ್ಕೆ ಸಭ್ಯವಾದ ಉತ್ತರ ಬಂತು. ನಾಲ್ಕನೆಯದಕ್ಕೆ, ಅದು ಕಂಪೆನಿಯ ಅಗತ್ಯವನ್ನು ಅನುಸರಿಸಿ ನಿರ್ಧಾರವಾಗುವುದರಿಂದ ಬರೆದುಕೊಡಲು ಬಾರದು ಎಂದಿತ್ತು. ಅದು ವಂಚನೆಯಲ್ಲ, ಬೆಳೆಯುತ್ತಿರುವ ಯಾವ ಕಂಪೆನಿಯೂ ಅಷ್ಟೇ ಹೇಳೀತು. ಆದರೆ ಕಾಗದದಲ್ಲಿ ಹುಡುಗನನ್ನು ಎಳೆದದ್ದು ಆ ಒಂದು ಸಾಲೇ ಆಗಿತ್ತು.

ಈಗ ಬರಲಾಗದೆಂದೂ, ಎಂಟು ತಿಂಗಳ ಅನಂತರ ಅವಕಾಶವಿದ್ದರೆ ಮತ್ತೆ ಬರೆಯುವೆನೆಂದೂ ಅವನು ಉತ್ತರ ಕಳುಹಿಸಿದ. ಅಗತ್ಯವಾಗಿ ಬರೆಯಿರಿ ಎಂದು ಅವರೂ ಬರೆದರು. ಅರಿಸಿನ ಹಚ್ಚದ ಕಾಗದ ಸಾಲದ ಪತ್ರಗಳ ಜೊತೆ ಕಬ್ಬಿಣದ ಬೀರುವಿಗೆ ಹೋಯಿತು. ಎಡಗಡೆಯ ಆಸನದ ಆಸೆ ಅದರ ಜೊತೆ ಒಳಗೆ ಹೋಗಲಿಲ್ಲ. ಎರಡು ದಿನ ಹುಡುಗ ಮನೆಯಲ್ಲಿ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮೂರಕ್ಕೆ ದೇವನಹಳ್ಳಿಗೆ ಹೋಗುವ ಕಾರು ಬಾಗಿಲಿಗೆ ಬಂದಾಗ, ಅವನ ಚೀಲದಲ್ಲಿ ಸಮವಸ್ತ್ರದ ಜೊತೆಗೆ ಹವಾಮಾನಶಾಸ್ತ್ರದ ದಪ್ಪ ಪುಸ್ತಕವೂ ಇತ್ತು. ಪರೀಕ್ಷೆಯ ಶುಲ್ಕವನ್ನು ಹಿಂದಿನ ರಾತ್ರಿ ಫೋನಿನಲ್ಲೇ ಕಟ್ಟಿದ್ದೇನೆಂದು ತಂದೆಗೆ ಹೇಳಿದ. ಅವರು ಅದರ ರಸೀದಿಯನ್ನು ಅಚ್ಚು ಮಾಡಿಸಿಕೊಂಡು ಬಾ ಎಂದರು.